ಕಾಯಿಲೆಗೆ ಮೂವತ್ತು ಅಂಕ

ನಮ್ಮ ಬೀದಿಗೆ ನೂರಕ್ಕೆ ಅರವತ್ತೆಂಟು ಅಂಕ ಬಂದಿತ್ತು. ಶಾಲೆಯಲ್ಲಾಗಿದ್ದರೆ ಫಸ್ಟ್ ಕ್ಲಾಸ್ ಅಂತ ಬೀಗಬಹುದಿತ್ತು. ಹಳೇ ನೀರಿನ ಪೈಪು ಬದಲಾಯಿಸುವ ಸರ್ಕಾರದ ಪಟ್ಟಿಯಲ್ಲಿ ಮಾತ್ರ ಅದು ಫೇಲು.

ಈ ಸುದ್ದಿ ತಂದವರು ನೀರು ಮಂಡಳಿಯ ಇಂಜಿನಿಯರಮ್ಮ. ಒಳ್ಳೆಯ ಹೆಂಗಸು. ಬೈಯೋಣವೆಂದರೆ ಬೈಯಲು ಏನೂ ಸಿಗದಷ್ಟು ಒಳ್ಳೆಯವರು. ಭಾವನ ಟೈಲರ್ ಅಂಗಡಿಯ ಸ್ಟೂಲಿನ ಮೇಲೆ ಕೂತು, ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಹಾಗೆ ತಾಳ್ಮೆಯಿಂದ ಹೇಳುತ್ತಿದ್ದರು.

ಭಾವ ಅಂದರೆ ನನ್ನ ಗಂಡನ ಅಣ್ಣ. ಕೆಳಗೆ ಅವರ ಅಂಗಡಿ, ಅದರ ಹಿಂದೆಯೇ ಅವರ ಮನೆ, ಮಹಡಿಯ ಮೇಲೆ ನಾವು. ನನ್ನ ಗಂಡ ಲಾರಿ ಓಡಿಸುತ್ತಾನೆ, ಮನೆಗೆ ನೆಂಟರ ಹಾಗೆ ಬಂದು ಹೋಗುತ್ತಾನೆ. ಹಾಗಾಗಿ ಮನೆ ಅಂದರೆ ನಾನು, ನನ್ನ ಮಗಳು ಪುಟ್ಟಿ, ಭಾವ, ಮತ್ತೆ ನನ್ನ ವಾರಗಿತ್ತಿ. ಅವಳನ್ನು ನಾನು ಅಕ್ಕ ಅನ್ನುತ್ತೇನೆ. ಬೀದಿಯವರು ಬಿಸಿನೀರಕ್ಕ ಅನ್ನುತ್ತಾರೆ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ನಮ್ಮ ಬೀದಿಯಲ್ಲಿ ಕುಡಿಯುವ ನೀರಿನ ಪೈಪೂ ಕಕ್ಕಸಿನ ಪೈಪೂ ಒಂದೇ ಗುಂಡಿಯಲ್ಲಿ ಅಕ್ಕಪಕ್ಕ ಮಲಗಿವೆ. ಯಾವ ಪುಣ್ಯಾತ್ಮ ಹಾಗೆ ಹಾಕಿಸಿದನೋ, ಎರಡು ಗುಂಡಿ ತೋಡಿಸಲು ಅವನ ಕೈ ಹಿಡಿದುಹೋಗಿತ್ತೇನೋ. ಈಗ ಎರಡೂ ಬಿರುಕು ಬಿಟ್ಟಿವೆ. ನೀರು ಬರುವಾಗ ಒಳಗಿನದು ಹೊರಗೆ ಸೋರುತ್ತದೆ, ನೀರು ನಿಂತ ಮೇಲೆ ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಅಕ್ಕ ಮದುವೆಯಾಗಿ ಬಂದ ವರ್ಷವೇ ಒಂದು ಲೋಟ ನಲ್ಲಿ ನೀರು ಮೂಸಿ ನೋಡಿ ಪ್ರತಿಜ್ಞೆ ಮಾಡಿದಳಂತೆ. ಅವತ್ತಿನಿಂದ ಕುದಿಸದ ಒಂದು ಹನಿ ಅವಳ ಗಂಟಲಲ್ಲಿ ಇಳಿದಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಸರಿ. ಬೆಳಗ್ಗೆ ಮನೆಮನೆಯ ಬಾಗಿಲಿಗೆ ಹೋಗಿ "ಒಲೆ ಮೇಲೆ ಇಟ್ರಾ? ಕುದೀತಾ? ಗುಳ್ಳೆ ಬಂತಾ?" ಅಂತ ಪ್ರಾಣ ತಿನ್ನುತ್ತಿದ್ದಳು. ಒಲೆ ಹಚ್ಚಲು ಕೈಲಾಗದವರಿಗೆ ತಾನೇ ಕುದಿಸಿ ಕ್ಯಾನಿನಲ್ಲಿ ತುಂಬಿ ಕೊಡುತ್ತಿದ್ದಳು: ತಳ್ಳುಗಾಡಿಯ ಇಸ್ತ್ರಿ ಅಜ್ಜನಿಗೆ, ಎದುರುಮನೆಯ ಬಾಣಂತಿಗೆ, ಮೂಲೆಮನೆಯಲ್ಲಿ ಹಾಸಿಗೆ ಹಿಡಿದ ಡ್ರೈವರನಿಗೆ, ಇನ್ನೂ ಅಂಥ ಕೆಲವರಿಗೆ. ನನಗೂ ಪುಟ್ಟಿಗೂ ಅವಳದೇ ನೀರು. ಅವಳ ಬಾಯಿಗೆ ಹೆದರಿಯೇ ಬೀದಿಗೆ ಬೀದಿ ನೀರು ಕುದಿಸಿ ಕುಡಿಯುತ್ತಿತ್ತು. ನನಗೂ ಅವಳಿಗೂ ಹಾಕಿದ ರಂಗೋಲಿಯಿಂದ ಹಿಡಿದು ಹಾಕದ ಉಪ್ಪಿನವರೆಗೆ ಜಗಳ ಇತ್ತು. ನೀರಿನ ವಿಷಯದಲ್ಲಿ ಮಾತ್ರ ನಾನು ತೆಪ್ಪಗಿರುತ್ತಿದ್ದೆ.

ಇಂಜಿನಿಯರಮ್ಮ ಹೇಳಿದ ಲೆಕ್ಕ ಹೀಗಿತ್ತು. ಊರಲ್ಲಿ ಕೆಟ್ಟ ಪೈಪಿನ ಬೀದಿಗಳು ಬೇಕಾದಷ್ಟಿವೆ. ಸರ್ಕಾರ ಈ ಸಲ ಕೊಡುವ ದುಡ್ಡು ಒಂದೇ ಬೀದಿಗೆ ಸಾಕು. ಮುಂದಿನ ಪಟ್ಟಿ ಐದು ವರ್ಷದ ಮೇಲೆ. ಹಾಗಾಗಿ ಅಂಕ ಹಾಕುತ್ತಾರೆ. ಪೈಪು ಹಳೆಯದಾದಷ್ಟೂ, ಸೋರಿದಷ್ಟೂ, ಮನೆಗಳು ಹೆಚ್ಚಿದಷ್ಟೂ ಅಂಕ ಹೆಚ್ಚು. ಅದರಲ್ಲೆಲ್ಲ ನಾವು ಎಪ್ಪತ್ತಕ್ಕೆ ಅರವತ್ತೆಂಟು. ಉಳಿದ ಮೂವತ್ತು ಅಂಕ ಕಾಯಿಲೆಗೆ. ನಲ್ಲಿ ನೀರು ಕುಡಿದು ಆಸ್ಪತ್ರೆ ಸೇರಿದ ಒಬ್ಬೊಬ್ಬರಿಗೆ ಮೂರು ಅಂಕ.

"ಇದರಲ್ಲಿ ನಿಮಗೆ ಸೊನ್ನೆ" ಅಂದರು ಇಂಜಿನಿಯರಮ್ಮ. "ಇಷ್ಟು ಕೆಟ್ಟ ಪೈಪು ಇಟ್ಕೊಂಡು ಒಬ್ಬರಿಗೂ ಏನೂ ಆಗಿಲ್ಲ ಅಂದ್ರೆ ನಮ್ಮ ಆಫೀಸಲ್ಲಿ ಯಾರೂ ನಂಬ್ತಾ ಇಲ್ಲ."

"ಹೇಗೆ ಆಗುತ್ತೆ?" ಅಂದಳು ಅಕ್ಕ, ಎದೆ ಉಬ್ಬಿಸಿ. "ನಾನು ಬಿಡಬೇಕಲ್ಲ!" ಅಂತ ಶುರುಮಾಡಿ ತನ್ನ ಕುದಿಸುವ ಕಥೆಯನ್ನೆಲ್ಲ ಹೇಳಿದಳು. ಇಂಜಿನಿಯರಮ್ಮ ತಲೆದೂಗುತ್ತಾ ಕೇಳಿದರು. ಅಂಗಡಿಯ ಮುಂದೆ ನಿಂತಿದ್ದ ಬೀದಿಯವರೂ ಕೇಳಿದರು. ಅವಳು ಹೇಳುತ್ತಾ ಹೋದಂತೆ ಒಬ್ಬೊಬ್ಬರ ಮುಖವೂ ಇಳಿಯುತ್ತಾ ಹೋದದ್ದು ನನಗೆ ಕಾಣಿಸಿತು, ಅವಳಿಗೆ ಕಾಣಿಸಲಿಲ್ಲ. ಹೊಗಳಿಸಿಕೊಳ್ಳುವಾಗ ಅಕ್ಕನಿಗೆ ಕಣ್ಣು ಕಾಣುವುದಿಲ್ಲ.

ಗಿರಣಿ ಬೀದಿಗೆ ತೊಂಬತ್ತೈದು ಬಂದಿದೆಯಂತೆ. ಅಲ್ಲಿ ಮನೆಗೊಬ್ಬರು ಆಸ್ಪತ್ರೆ ಕಂಡು ಬಂದಿದ್ದಾರೆ. ನಮ್ಮಲ್ಲಿ ಒಂಬತ್ತು ಜನ ಮಲಗಿದರೆ ಅವರಿಗೆ ಸರಿಸಮ, ಹತ್ತು ಜನ ಮಲಗಿದರೆ ನಾವೇ ಮೇಲೆ. ಪಟ್ಟಿ ಮುಚ್ಚಲು ಇನ್ನೂ ಎರಡು ತಿಂಗಳಿತ್ತು.

"ಯಾರಾದ್ರೂ ಸತ್ರೆ ಎಷ್ಟಮ್ಮ?" ಅಂತ ಹಿಂದಿನಿಂದ ಯಾರೋ ಕೇಳಿದರು.

"ಅದಕ್ಕೂ ಮೂರೇ" ಅಂದರು ಇಂಜಿನಿಯರಮ್ಮ. ಅವರ ಮುಖ ಸಣ್ಣದಾಯಿತು. "ನಾನು ಮಾಡಿದ ಲೆಕ್ಕ ಅಲ್ಲ ಇದು."

ಮಾರನೆಯ ಸಂಜೆ ಅದೇ ಅಂಗಡಿಯಲ್ಲಿ ಮೀಟಿಂಗು. ವಾರ್ಡ್ ಮೆಂಬರು ಬಂದಿದ್ದರು. ಏನನ್ನೂ ಹೇಳದೆ ಎಲ್ಲವನ್ನೂ ಹೇಳಿಬಿಡುವ ವಿದ್ಯೆ ಆ ಮನುಷ್ಯನಿಗೆ ಹುಟ್ಟಿನಿಂದ ಬಂದಿದೆ.

"ನೋಡಿ, ನಾನೇನೂ ಹೇಳ್ತಾ ಇಲ್ಲ" ಅಂದರು. "ನೀರು ಕುಡೀರಿ ಅಂತಾನೂ ಹೇಳಲ್ಲ, ಬಿಡಿ ಅಂತಾನೂ ಹೇಳಲ್ಲ. ಗ್ಯಾಸ್ ರೇಟು ಏನಾಗಿದೆ ನಿಮಗೇ ಗೊತ್ತು. ಯಾರಾದ್ರೂ ಒಂದು ವಾರ ಉಳಿತಾಯ ಮಾಡೋಣ ಅಂತ ಕುದಿಸೋದು ಬಿಟ್ರೆ ಅದು ಅವರವರ ಇಷ್ಟ."

ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಎರಡು ದಿನ ಹೊಟ್ಟೆ ಹಿಡ್ಕೊಂಡು ಮಲಗಿದ್ರೆ ಮೊಮ್ಮಕ್ಕಳ ಕಾಲಕ್ಕೂ ಪೈಪು ಬರುತ್ತೆ ಅಂತ ಒಬ್ಬರು. ನಮ್ಮತ್ತೇನ ಕಳಿಸ್ತೀನಿ, ವಾಪಸ್ ಬೇಡ ಅಂತ ಇನ್ನೊಬ್ಬರು. ಮದುವೆ ಮನೆಯ ಹಾಗೆ ಗದ್ದಲ.

ಅಕ್ಕ ಎದ್ದು ನಿಂತಳು. "ಏನ್ ಆಡ್ತಾ ಇದೀರ ನೀವೆಲ್ಲ? ಹೇಲು ನೀರು ಕುಡಿದು ಮಾರ್ಕ್ಸ್ ತಗೋತೀರಾ? ನನ್ನ ಹೆಣ ಬಿದ್ಮೇಲೆ ಮಾಡಿ!"

"ಬಿದ್ರೂ ಮೂರೇ ಅಂತೆ ಅಕ್ಕಾ" ಅಂದ ಹಾಲಿನವನು.

ಅಂಗಡಿ ಹಾರಿಹೋಗುವ ಹಾಗೆ ನಗು. ಭಾವನೂ ನಕ್ಕರು. ಮೆಷಿನ್ನಿನ ಹಿಂದೆ ಕೂತು, ಹೆಂಡತಿಯ ಕಡೆ ನೋಡದೆ, ನಾಲ್ಕು ಜನ ನಗುವಾಗ ತಾನೊಬ್ಬ ನಗದಿದ್ದರೆ ಏನಾದರೂ ಅಂದುಕೊಂಡಾರು ಅಂತ ನಕ್ಕರು. ಭಾವ ಯಾವತ್ತೂ ಅಂಥವರೇ. ಯಾರಿಗೂ ಇಲ್ಲ ಅನ್ನಲು ಬಾಯಿ ಬರದು. ನಾಳೆ ಬೆಳಗ್ಗೆಯೇ ಬೇಕು ಅಂತ ಹತ್ತು ಜನ ಬಟ್ಟೆ ತಂದರೆ ಹತ್ತು ಜನಕ್ಕೂ ಹೂಂ ಅಂದು, ಬೆಳಗ್ಗೆ ಹತ್ತು ಜನರಿಂದಲೂ ಬೈಸಿಕೊಳ್ಳುತ್ತಾರೆ. ಪಾಪದ ಮನುಷ್ಯ ಅಂತ ಊರೆಲ್ಲ ಹೊಗಳುತ್ತದೆ. ನಾನೂ ಹೊಗಳುತ್ತಿದ್ದೆ.

"ನಿಮ್ಮ ಮನೆಯವರ ಬಾಯಿಂದಾನೇ ಅಲ್ವಾ ಟೈಲರ್ರೇ ಸೊನ್ನೆ ಬಂದಿದ್ದು?" ಅಂದರು ಮೆಂಬರು ಹೋಗುವಾಗ, ನಗುನಗುತ್ತಲೇ. "ನಿಮ್ಮ ಮನೆಯಿಂದಾನೇ ಒಂದು ಕೇಸು ಬಂದ್ರೆ ಬೀದಿಗೆ ಸಮಾಧಾನ ಆಗುತ್ತಪ್ಪ."

ಭಾವ ಹೂಂ ಅಂದರು.

ಆ ವಾರ ಬೀದಿಯ ಗಂಡಸರೆಲ್ಲ ಅಂಗಡಿಯ ಮುಂದಿನ ನಲ್ಲಿಗೆ ಬಾಯಿ ಒಡ್ಡಿ ಕುಡಿದರು. ಭಾವನೂ ಎಲ್ಲರ ಎದುರಿಗೆ ಚೊಂಬುಗಟ್ಟಲೆ ಏರಿಸಿದರು. ಒಬ್ಬರಿಗೂ ಏನೂ ಆಗಲಿಲ್ಲ. ಹಾಲಿನವನಿಗೆ ಒಂದು ದಿನ ಹೊಟ್ಟೆ ಕಲೆಸಿತು, ಅದೂ ಬೋಂಡ ತಿಂದದ್ದಕ್ಕೆ ಅಂತ ಅವನ ಹೆಂಡತಿಯೇ ಹೇಳಿದಳು. ಭಾವ ಬೆಳಗ್ಗೆ ಬಾಗಿಲು ತೆಗೆದರೆ ಸಾಕು, "ಏನ್ ಟೈಲರ್ರೇ, ಇನ್ನೂ ಗುಂಡುಕಲ್ಲಿನ ಹಾಗೆ ಇದೀರಲ್ಲ, ನಾಚ್ಕೆ ಆಗಲ್ವಾ?" ಅಂತ ರೇಗಿಸುವರು. ಅವರು ಹಲ್ಲು ಕಿರಿಯುವರು. ಅಕ್ಕ ಯಾರೊಂದಿಗೂ ಮಾತಾಡದೆ ತನ್ನ ಪಾಡಿಗೆ ತಾನು ನೀರು ಕುದಿಸಿ, ಕ್ಯಾನು ತುಂಬಿ, ಕೈಲಾಗದವರ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದಳು. ಬಾಗಿಲಿಗೆ ಬಂದು ಕೇಳುವುದನ್ನು ಮಾತ್ರ ನಿಲ್ಲಿಸಿದ್ದಳು. ಅವಳ ಧ್ವನಿಯಿಲ್ಲದ ಬೆಳಗು ನನಗೆ ಒಂಥರಾ ಅನ್ನಿಸುತ್ತಿತ್ತು.

ಆಮೇಲೆ ಕಾಯಿಲೆ ಬಂತು. ನಲ್ಲಿಗೆ ಬಾಯಿ ಒಡ್ಡಿದ ಗಂಡಸರಿಗಲ್ಲ. ಮೊದಲು ಬಾಣಂತಿಗೆ ವಾಂತಿಭೇದಿ. ಹಿಂದೆಯೇ ಮೂಲೆಮನೆಯ ಡ್ರೈವರನಿಗೆ. ಆಮೇಲೆ ನನ್ನ ಪುಟ್ಟಿಗೆ. ಆಸ್ಪತ್ರೆಯ ಮಂಚದ ಮೇಲೆ ಅವಳು ಒಗೆದು ಹಿಂಡಿದ ಬಟ್ಟೆಯ ಹಾಗೆ ಬಿದ್ದಿದ್ದಳು. ತುಟಿ ಒಣಗಿ ಬಿರಿದಿತ್ತು. ಡ್ರಿಪ್ ಹಾಕಲು ನರ ಸಿಗದೆ ನರ್ಸು ಎರಡೂ ಕೈ ಚುಚ್ಚಿ ನೋಡಿದಳು. ಅಕ್ಕ ಓಡೋಡಿ ಬಂದವಳು ಮಗುವಿನ ಹಣೆ ಮುಟ್ಟಿ, ನನ್ನ ಕಡೆ ತಿರುಗಿ ಒಂದೇ ಮಾತು ಅಂದಳು.

"ನೀನೂ ಮಾರ್ಕ್ಸಿಗೆ ಮಗಳನ್ನ ಕೊಟ್ಯಾ?"

ನನ್ನ ಮೈ ಹತ್ತಿ ಉರಿಯಿತು. ನಿನ್ನ ನೀರು ಬಿಟ್ಟು ಬೇರೆ ಒಂದು ತೊಟ್ಟು ಕೊಟ್ಟಿಲ್ಲ ಅಂತ ಮಗಳ ಮೇಲೆ ಆಣೆ ಇಟ್ಟೆ. ನಂಬಲಿಲ್ಲ. "ನನ್ನ ನೀರು ಕುಡಿದ್ರೆ ಹೀಗೆ ಹೇಗಾಗುತ್ತೆ?" ಅಂದಳು. ವಾರ್ಡಿನ ನಡುವೆ ನಿಂತು ಇಬ್ಬರೂ ಬಾಯಿಗೆ ಬಂದದ್ದು ಬೈದಾಡಿದೆವು. ಆಮೇಲೆ ಮಾತು ಬಿಟ್ಟೆವು. ಇಂಜಿನಿಯರಮ್ಮ ವಿಚಾರಿಸಲು ಬಂದಾಗ ನಾನು ಸಿಟ್ಟಿಗೆ, ಹೌದು, ನಲ್ಲಿ ನೀರೇ ಕುಡಿಸಿದ್ದೆ ಅಂದೆ. ಮಗು ಹೇಗೂ ನರಳಿದೆ, ಮೂರು ಅಂಕವಾದರೂ ಬರಲಿ ಅನ್ನಿಸಿತು. ಉಳಿದವರ ಮನೆಯವರೂ ಹಾಗೇ ಹೇಳಿದರು.

ಪುಟ್ಟಿ ಉಳಿದಳು. ಇಸ್ತ್ರಿ ಅಜ್ಜ ಉಳಿಯಲಿಲ್ಲ.

ಅಜ್ಜನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಅಕ್ಕನನ್ನು ಮಗಳೇ ಅಂತ ಕರೆಯುತ್ತಿದ್ದರು. ಭಾವ ಹೊಲಿದ ಬಟ್ಟೆಗಳಿಗೆಲ್ಲ ಅವರದೇ ಇಸ್ತ್ರಿ. ಬಾಯಾರಿದಾಗಲೆಲ್ಲ ಕ್ಯಾನು ಎತ್ತಿ "ನಮ್ಮ ಮಗಳ ನೀರು" ಅಂತ ಹೇಳಿಯೇ ಕುಡಿಯುತ್ತಿದ್ದರು. ಹೆಣದ ಮುಂದೆ ಕೂತು ಅಕ್ಕ ಅತ್ತದ್ದಕ್ಕಿಂತ ಬೈದದ್ದೇ ಹೆಚ್ಚು. "ನನಗೆ ಮೋಸ ಮಾಡಿದ್ರಲ್ಲ! ದಿನಾ ತಂದುಕೊಟ್ಟೆ, ಅದನ್ನ ಚೆಲ್ಲಿ ಆ ಕೊಳಕು ನೀರು ಕುಡಿದ್ರಲ್ಲ! ಯಾರ ಮಾತು ಕೇಳಿ ಕುಡಿದ್ರಿ ಅಜ್ಜಾ, ಯಾವ ಪೈಪು ಬೇಕಿತ್ತು ನಿಮಗೆ?" ಅಂತ ಸತ್ತವರ ಭುಜ ಹಿಡಿದು ಅಲ್ಲಾಡಿಸಿದಳು. ಭಾವ ಅವಳನ್ನು ಎಬ್ಬಿಸಿ ಕರೆದುಕೊಂಡು ಹೋದರು. ಅವರ ಕಣ್ಣಲ್ಲೂ ನೀರಿತ್ತು. ಎಷ್ಟು ಮೃದು ಮನಸ್ಸು ಅಂದರು ಎಲ್ಲರೂ.

ಎಂಟು, ಒಂಬತ್ತು ಅಂತ ಎಣಿಕೆ ಏರಿತು. ಗಿರಣಿ ಬೀದಿಗೆ ಸಮ ಆದೆವು. ಅಜ್ಜನ ಚಿತೆ ಆರುವ ಮೊದಲೇ ಜನ ಇನ್ನೊಂದೇ ಒಂದು ಅಂತ ಮಾತಾಡಿಕೊಳ್ಳುತ್ತಿದ್ದರು. ಆ ಒಂದು ನಮ್ಮ ಅಕ್ಕನೇ ಆದಳು. ಅಡುಗೆಮನೆಯಲ್ಲಿ ಕುಸಿದುಬಿದ್ದವಳನ್ನು ಹಾಲಿನವನ ಗಾಡಿಯಲ್ಲೇ ಹಾಕಿಕೊಂಡು ಹೋದೆವು. ಮಾತು ಬಿಟ್ಟದ್ದು ಬಿಟ್ಟಹಾಗೇ ಇತ್ತು. ಆದರೂ ರಾತ್ರಿಹಗಲು ಅವಳ ಮಲ ಬಳಿದವಳು ನಾನೇ. ಬೇರೆ ಯಾರ ಕೈಯನ್ನೂ ಅವಳು ಹತ್ತಿರಕ್ಕೆ ಬಿಡಲಿಲ್ಲ.

ಪಟ್ಟಿ ಮುಚ್ಚುವ ಹಿಂದಿನ ದಿನ ಇಂಜಿನಿಯರಮ್ಮ ವಾರ್ಡಿಗೆ ಬಂದರು. ಜೊತೆಗೆ ಮೆಂಬರು. ಬೀದಿಯ ಜನ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು, ರಿಸಲ್ಟ್ ನೋಡಲು ಬಂದವರ ಹಾಗೆ. ಅಕ್ಕನ ಮಂಚದ ಒಂದು ಪಕ್ಕ ನಾನು, ಕಾಲ ಬಳಿ ಭಾವ.

"ಯಾವ ನೀರು ಕುಡೀತಿದ್ರಿ ಅಮ್ಮಾ?" ಅಂತ ಕೇಳಿದರು ಇಂಜಿನಿಯರಮ್ಮ.

"ಕುದಿಸಿದ್ದು" ಅಂದಳು ಅಕ್ಕ. ಧ್ವನಿ ಸಣ್ಣಗಿತ್ತು, ಮಾತು ಸ್ಪಷ್ಟವಾಗಿತ್ತು.

"ಒಂದು ಸಲವಾದ್ರೂ ನಲ್ಲೀದು..."

"ಇಲ್ಲ."

ಮೆಂಬರು ಮುಂದೆ ಬಾಗಿದರು. "ಅಕ್ಕಾ, ನೆನಪು ಮಾಡ್ಕೊಳ್ಳಿ. ಬಾಯಿ ಮುಕ್ಕಳಿಸುವಾಗ ಒಂದು ಗುಟುಕು? ನಿಮ್ಮ ಒಂದು ಮಾತಿಂದ ಇಡೀ ಬೀದಿ ಉದ್ಧಾರ ಆಗುತ್ತೆ. ಇಲ್ಲಾಂದ್ರೆ ಅಜ್ಜ ಸತ್ತಿದ್ದೂ ನೀರಲ್ಲಿ ಹೋಮ ಮಾಡಿದಹಾಗೆ."

"ನಾನು ಕುಡಿದಿಲ್ಲ" ಅಂದಳು ಅಕ್ಕ. "ಬೀದಿ ಉದ್ಧಾರ ಆಗಲಿ, ಹಾಳಾಗಲಿ. ನಾನು ಕುಡಿದಿಲ್ಲ. ಈ ಒಂದು ಮಾತು ಬಿಟ್ರೆ ನನ್ನ ಹತ್ರ ಇನ್ನೇನಿದೆ?"

ಇಂಜಿನಿಯರಮ್ಮ ನಿಟ್ಟುಸಿರಿಟ್ಟರು. ಹಾಗಾದರೆ ಇದು ರೋಗಿಗಳ ಆರೈಕೆ ಮಾಡಿ ತಗುಲಿದ್ದು, ನೀರಿನ ಲೆಕ್ಕಕ್ಕೆ ಬರುವುದಿಲ್ಲ ಅಂದರು. ಮೆಂಬರು ಭಾವನ ಕಡೆ ತಿರುಗಿದರು. ಏನೂ ಕೇಳಲಿಲ್ಲ, ಬರೀ ನೋಡಿದರು.

"ಕುಡಿದಿದಾಳೆ" ಅಂದರು ಭಾವ.

ನನಗೆ ಅಸಹ್ಯವಾಯಿತು. "ಏನ್ ಭಾವ, ಹೆಂಡತಿ ಸಾಯೋಕೆ ಬಿದ್ದಿರುವಾಗ ಅವಳ ಮುಂದೇನೇ ಸುಳ್ಳು ಹೇಳ್ತೀರಲ್ಲ!" ಅಂದೆ.

"ಸುಳ್ಳಲ್ಲ ಕಣಮ್ಮ. ಅವಳಿಗೆ ಗೊತ್ತಿಲ್ಲ, ಆದ್ರೆ ಕುಡಿದಿದಾಳೆ." ಅವರು ಎಂದಿನ ಹಾಗೆ ಮೆತ್ತಗೆ, ಬಟ್ಟೆ ತಡವಾದದ್ದಕ್ಕೆ ಸಮಜಾಯಿಷಿ ಕೊಡುವ ಹಾಗೆ ಹೇಳಿದರು. "ಬೆಳಗ್ಗೆ ನೀರು ಕುದಿಸಿ ಇಳಿಸಿ ಸ್ನಾನಕ್ಕೆ ಹೋಗ್ತಾಳಲ್ಲ. ಆಗ ನಾನು ಅರ್ಧ ಚೆಲ್ಲಿ ನಲ್ಲಿ ನೀರು ತುಂಬಿಸಿ ಇಡ್ತಿದ್ದೆ. ಬೇಗ ಆರಿದೆಯಲ್ಲ ಅಂತ ಒಂದು ಸಲ ಅವಳೇ ಖುಷಿಪಟ್ಟಳು. ನನಗಂತೂ ಏನ್ ಕುಡಿದ್ರೂ ಆಗಲಿಲ್ಲ. ನಮ್ಮ ಮನೆಯಿಂದ ಒಂದು ಕೊಡ್ತೀನಿ ಅಂತ ಒಪ್ಕೊಂಡಿದ್ದೆ. ನಾಲ್ಕು ಜನಕ್ಕೆ ಮುಖ ತೋರಿಸಬೇಕಲ್ಲ."

ಮೆಂಬರು ಕೂಡ ಒಂದು ಹೆಜ್ಜೆ ಹಿಂದೆ ಸರಿದರು. ನನ್ನ ತಲೆಯಲ್ಲಿ ನಿಧಾನವಾಗಿ ಲೆಕ್ಕ ಕೂಡಿತು. ಬಾಣಂತಿ, ಡ್ರೈವರು, ಅಜ್ಜ, ನನ್ನ ಪುಟ್ಟಿ. ಒಂಬತ್ತು ಜನರಲ್ಲಿ ಒಬ್ಬರೂ ನಲ್ಲಿಗೆ ಹೋದವರಲ್ಲ, ಎಲ್ಲರೂ ಅಕ್ಕನ ನೀರು ಕುಡಿದವರು. ನಾನೂ ಅದನ್ನೇ ಕುಡಿದಿದ್ದೆ, ನನ್ನ ಗಟ್ಟಿ ಮೈ ತಡೆದುಕೊಂಡಿತ್ತು. ಅದಕ್ಕೇ ಗಟ್ಟಿಮುಟ್ಟಾದ ಗಂಡಸರಿಗೆ ಏನೂ ಆಗದೆ ಕೈಲಾಗದವರೇ ಉದುರಿದ್ದು. ಆ ನಿಮಿಷ ಡ್ರಿಪ್ಪಿನ ಸ್ಟ್ಯಾಂಡು ಕಿತ್ತು ಭಾವನ ತಲೆಗೆ ಹಾಕಬೇಕು ಅನ್ನಿಸಿತು ನನಗೆ. ಕೈಯನ್ನೂ ಹಾಕಿದ್ದೆ. ಆದರೆ ಅದರ ಟ್ಯೂಬು ಅಕ್ಕನ ಕೈಗೆ ಸೇರಿತ್ತು.

ಅಕ್ಕ ಅಳಲಿಲ್ಲ. ಗಂಡನ ಮುಖವನ್ನೇ ನೋಡುತ್ತಿದ್ದಳು.

"ಅಜ್ಜನ ಕ್ಯಾನೂ ಅದೇ ಪಾತ್ರೆಯಿಂದ ತುಂಬ್ತಿದ್ದೆ" ಅಂದಳು. "ನೀವು ನೋಡ್ತಿದ್ರಿ."

"ನೀನೊಬ್ಬಳೇ ಕುಡೀಲಿ ಅಂತಾನೇ ಇತ್ತು ಕಣೇ. ನೀನು ಎಲ್ಲರಿಗೂ ಹಂಚ್ತಿದ್ದೆ. ಬೇಡ ಅನ್ನೋಕೆ ಆಗುತ್ತಾ?"

"ಪುಟ್ಟಿ ನಮ್ಮ ಅಡುಗೆಮನೇಲಿ, ನಿಮ್ಮ ಎದುರಿಗೇ ಕುಡೀತಿದ್ಲು."

ಭಾವ ನೆಲ ನೋಡಿದರು. ಇಲ್ಲ ಅನ್ನಲು ಬಾರದ ಮನುಷ್ಯ ಮಗುವಿನ ಕೈಯಿಂದ ಲೋಟ ಕಿತ್ತುಕೊಳ್ಳಲೂ ನಾಚಿಕೊಂಡಿದ್ದ.

ಇಂಜಿನಿಯರಮ್ಮ ಪೆನ್ನು ಹಿಡಿದು ನಿಂತಿದ್ದರು. ಕೊನೆಗೆ ಮೆಂಬರೇ ಗಂಟಲು ಸರಿಮಾಡಿಕೊಂಡು, "ಒಟ್ಟಿನಲ್ಲಿ ನಲ್ಲಿ ನೀರೇ ಆಯ್ತಲ್ಲ ಮೇಡಂ. ಹೇಗೆ ಕುಡಿದ್ರು ಅಂತ ನಿಮ್ಮ ನಿಯಮದಲ್ಲಿ ಏನೂ ಇಲ್ಲವಲ್ಲ" ಅಂದರು.

ಇಲ್ಲ ಅಂದರು ಇಂಜಿನಿಯರಮ್ಮ. ಬರೆದುಕೊಂಡರು. ತೊಂಬತ್ತೆಂಟು.

ಅವರು ಹೊರಟಾಗ ಅಕ್ಕ ಕೂಗಿ ಕರೆದಳು. "ಅಜ್ಜನ ಹೆಸರು ಬರೆದಿದೀರಲ್ಲ, ಅದರ ಪಕ್ಕ ನನ್ನ ಹೆಸರು ಬರ್ಕೊಳ್ಳಿ. ಆ ಒಂಬತ್ತೂ ಹೆಸರಿನ ಪಕ್ಕ ಬರ್ಕೊಳ್ಳಿ. ನೀರು ಕೊಟ್ಟವಳು ನಾನು."

"ಅದನ್ನ ಬರೆಯೋಕೆ ಜಾಗ ಇಲ್ಲಮ್ಮ" ಅಂದರು ಇಂಜಿನಿಯರಮ್ಮ, ಬಹಳ ಮೃದುವಾಗಿ. "ನಾನು ಎಲ್ಲಿ ಬರೀಲಿ, ಹೇಳಿ?"

ನಾನು ಹೊರಗೆ ಬಂದಾಗ ಮೆಟ್ಟಿಲ ಮೇಲಿನವರೆಲ್ಲ ಎದ್ದು ನಿಂತು ಏನಾಯ್ತು ಏನಾಯ್ತು ಅಂದರು. ಬಂತು ಅಂದೆ. ಹಾಲಿನವನು ಸಿಳ್ಳೆ ಹಾಕಿದ. ಅವರೆಲ್ಲ ಗೇಟು ದಾಟಿದ ಮೇಲೆ ಬಾಣಂತಿ ಒಬ್ಬಳೇ ಹಿಂತಿರುಗಿ ಬಂದು, "ಅಂದಹಾಗೆ ಅಕ್ಕ ಹೇಗಿದಾರೆ?" ಅಂದಳು.

ಅಕ್ಕ ಬದುಕಿದಳು. ಮುಂದಿನ ಬೇಸಿಗೆಯಲ್ಲಿ ಎರಡು ಬೇರೆ ಬೇರೆ ಗುಂಡಿ ತೋಡಿ ಎರಡು ಹೊಸ ಪೈಪು ಹಾಕಿದರು. ನೀರು ಬಿಡುವ ದಿನ ಮೆಂಬರು ಭಾಷಣ ಮಾಡಿ ತ್ಯಾಗ ಅನ್ನುವ ಮಾತನ್ನು ಬಾಯಿತುಂಬಾ ಬಳಸಿದರು. ಮೊದಲ ನಲ್ಲಿ ತಿರುಗಿಸಲು ಭಾವನನ್ನು ಕರೆದರು. ಅವರು ಬೇಡ ಬೇಡ ಅಂತ ಸಂಕೋಚಪಟ್ಟು, ಆಮೇಲೆ ಹೋಗಿ ತಿರುಗಿಸಿದರು. ನೀರು ಕಣ್ಣೀರಿನಷ್ಟು ಸ್ವಚ್ಛವಾಗಿತ್ತು. ಜನ ಚಪ್ಪಾಳೆ ತಟ್ಟಿದರು. ನಾನು ನನ್ನ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದೆ.

ಅಕ್ಕನೂ ನಾನೂ ಮತ್ತೆ ಮಾತಾಡುತ್ತೇವೆ. ಗಂಡನಿಗೂ ಅವಳು ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಾಳೆ. ಯಾರ ಬಾಗಿಲಿಗೂ ಹೋಗುವುದಿಲ್ಲ. ಮೊನ್ನೆ ಪುಟ್ಟಿ ಆಟ ಆಡಿ ಏದುಸಿರು ಬಿಡುತ್ತಾ ಅವಳ ಅಡುಗೆಮನೆಗೆ ನುಗ್ಗಿ ದೊಡ್ಡಮ್ಮ ನೀರು ಅಂದಳಂತೆ. ಅಕ್ಕ ಒಲೆಯ ಮುಂದಿನಿಂದ ಏಳಲಿಲ್ಲವಂತೆ. ಮೇಲೆ ಹೋಗಿ ನಿಮ್ಮಮ್ಮನ ಹತ್ರ ಕುಡಿ ಅಂದಳಂತೆ. ಕೈಗೆ ಸಿಗುವಷ್ಟು ಹತ್ತಿರದಲ್ಲೇ ತುಂಬಿದ ಕೊಡ ಇತ್ತು, ಲೋಟ ಇತ್ತು. ಮಗು ಲೋಟಕ್ಕೆ ಕೈ ಚಾಚಿದಾಗ ಅಕ್ಕ ಆ ಕೈ ಮೇಲೆ ಫಟ್ಟಂತ ಹೊಡೆದಳಂತೆ.

"ದೊಡ್ಡಮ್ಮನಿಗೆ ನಾನಂದ್ರೆ ಆಗಲ್ವಾ ಅಮ್ಮಾ?" ಅಂತ ಅಳುತ್ತಾ ಬಂದಳು ಪುಟ್ಟಿ.

ಆಗುತ್ತೆ ಮಗಳೇ ಅಂದೆ. ಲೋಟಕ್ಕೆ ನೀರು ಬಗ್ಗಿಸಿ ಅವಳ ಕೈಗೆ ಕೊಟ್ಟೆ.